ಫೇಸ್‌ಬುಕ್ ಬಿಟ್ಟು ಹೊರಟಿರಾ? ಸ್ವಲ್ಪ ನಿಲ್ಲಿ!

ಸೋದರಿಯರೇ, ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಐದು ನಿಮಿಷ ನೋಡೋಣ ಅಂತ ಫೇಸ್‌ಬುಕ್ ತೆರೆಯುತ್ತೀರಿ. ನಾದಿನಿಯ ಮಗುವಿನ ಫೋಟೋ ಹುಡುಕುವಷ್ಟರಲ್ಲಿ ಯಾರೋ ಕಾಣದವರ ಜಗಳ, ಯಾವುದೋ ಎಣ್ಣೆಯ ಜಾಹೀರಾತು ಅಡ್ಡ ಬರುತ್ತವೆ. ಗಡಿಯಾರ ನೋಡಿದರೆ ಮಕ್ಕಳು ಶಾಲೆಯಿಂದ ಬರುವ ಹೊತ್ತು! "ಸಾಕಪ್ಪಾ, ಇದನ್ನು ಬಿಟ್ಟೇಬಿಡೋಣ" ಎಂದು ನಿಮಗೂ ಅನ್ನಿಸಿರಬೇಕು. ಬಿಡಬಹುದು. ಆದರೆ ಹೋಗುವುದೆಲ್ಲಿಗೆ, ಜೊತೆಗೆ ಏನೇನು ಕಟ್ಟಿಕೊಳ್ಳಬೇಕು ಎಂಬುದನ್ನು ಮೊದಲು ಯೋಚಿಸಿ.

ಚಿಕ್ಕದಾದರೆ ಸಾಕೆ?

ನಮ್ಮ ಬೆಂಗಳೂರಿನಲ್ಲೇ 2020ರಲ್ಲಿ 'ಕೂ' ಎಂಬ ತಾಣ ಹುಟ್ಟಿತು. ಅದು ಮೊದಲು ಬಂದದ್ದೇ ಕನ್ನಡದಲ್ಲಿ. ಟ್ವಿಟರ್ ಬೇಡವೆಂದ ಎಷ್ಟೋ ಮಂದಿ ಅಲ್ಲಿಗೆ ಹೋದರು. ಮುಂದೆ ನಡೆಸಲು ಹಣ ಒದಗಲಿಲ್ಲ. 2024ರ ಜುಲೈನಲ್ಲಿ ಮುಚ್ಚುವುದಾಗಿ ಸಾರಿಬಿಟ್ಟರು. ಅಲ್ಲಿ ಕೂಡಿದ್ದ ಬಳಗ ಚೆದುರಿತು. ತಾಣ ಚಿಕ್ಕದು, ನಮ್ಮೂರಿನದು, ಎಲ್ಲಾ ಸರಿ. ಆದರೆ ಬೀಗದ ಕೈ ಒಂದೇ ಕಂಪನಿಯ ಹತ್ತಿರ ಇತ್ತು ನೋಡಿ!

ಮನೆಮನೆಯ ಮಗ್ಗ

ಇನ್ನೊಂದು ಬಗೆಯೂ ಉಂಟು. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೆನೆಸಿಕೊಳ್ಳಿ. ಅದನ್ನು ನೇಯುವುದು ನೇಕಾರರ ಮನೆಗಳ ಮಗ್ಗದಲ್ಲಿ. ಒಂದು ಮನೆಯ ಮಗ್ಗ ನಿಂತರೂ ಪಕ್ಕದ ಮನೆಯದು ನಡೆಯುತ್ತಿರುತ್ತದೆ. ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಶುರು ಮಾಡಿದ 'ಮಾಸ್ಟಡಾನ್' ಹೀಗೇ. ಸರ್ವರ್ ಎಂಬ ಸಾವಿರಾರು ಮನೆಗಳು. ಒಂದೊಂದನ್ನು ಒಬ್ಬೊಬ್ಬರು ಅಥವಾ ಒಂದೊಂದು ಸಂಘ ನಡೆಸುತ್ತದೆ. ಚಳ್ಳಕೆರೆಯ ಅಂಚೆಪೆಟ್ಟಿಗೆಗೆ ಹಾಕಿದ ಕಾಗದ ಮೊಳಕಾಲ್ಮೂರಿಗೆ ಮುಟ್ಟುವಂತೆ, ಒಂದು ಮನೆಯಲ್ಲಿ ಬರೆದದ್ದು ಇನ್ನೊಂದಕ್ಕೆ ತಲುಪುತ್ತದೆ. ಮಾಸ್ಟಡಾನ್ ಜಾಹೀರಾತು ತುರುಕುವುದಿಲ್ಲ. ನಿಮ್ಮವರು ಬರೆದದ್ದು ಬರೆದ ಹೊತ್ತಿನ ಕ್ರಮದಲ್ಲೇ ಕಾಣುತ್ತದೆ. ಮನೆ ಹಿಡಿಸಲಿಲ್ಲವೇ? ಬೇರೆ ಮನೆಗೆ ಹೋಗಿ. ನಿಮ್ಮ ಬರಹ ಓದುತ್ತಿದ್ದ ಬಳಗವನ್ನೂ ಕರೆದೊಯ್ಯಬಹುದು.

2019ರಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ತಡೆದಾಗ ನಮ್ಮ ದೇಶದ ಅನೇಕರು ಅಲ್ಲಿಗೆ ಹೋದರು. 2022ರಲ್ಲಿ ಇಲಾನ್ ಮಸ್ಕ್ ಟ್ವಿಟರ್ ಕೊಂಡಾಗ ಜಗತ್ತಿನೆಲ್ಲೆಡೆಯಿಂದ ಇನ್ನಷ್ಟು ಜನ ಹೊರಟರು.

ಅಲ್ಲೂ ತೊಡಕುಂಟು

ಮನೆ ಬದಲಿಸಿದರೆ ಹಳೆಯ ಬರಹಗಳು ಜೊತೆಗೆ ಬರುವುದಿಲ್ಲ. ಖಾಸಗಿ ಎಂದು ಕಳಿಸಿದ ಮಾತನ್ನು ಸರ್ವರ್ ನಡೆಸುವವರು ಓದಲು ಸಾಧ್ಯವಿದೆ; ಗುಟ್ಟಿನ ವಿಷಯ ಅಲ್ಲಿ ಬರೆಯಬೇಡಿ. ಎಲ್ಲಕ್ಕಿಂತ ದೊಡ್ಡದು, ನಿಮ್ಮ ಓರಗಿತ್ತಿ, ಚಿಕ್ಕಮ್ಮ ಇನ್ನೂ ಫೇಸ್‌ಬುಕ್ಕಿನಲ್ಲೇ ಇದ್ದಾರೆ. ಮನೆಯಲ್ಲೇ ಸೀರೆ ಮಾರಿ ಮಕ್ಕಳ ಫೀಸು ಹೊಂದಿಸುವ ಹೆಣ್ಣುಮಗಳಿಗೆ ಗಿರಾಕಿ ಕಳೆದುಕೊಳ್ಳುವುದು ಸಣ್ಣ ಮಾತೇ? ಹಾಗಾಗಿ ದುಡುಕಬೇಡಿ.

ಹೊರಡುವ ಮುನ್ನ

1. ಫೇಸ್‌ಬುಕ್ಕಿನ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮಾಹಿತಿಯನ್ನೆಲ್ಲ ಇಳಿಸಿಕೊಳ್ಳುವ ಸೌಲಭ್ಯವಿದೆ. ಮಗನ ನಾಮಕರಣದ ಫೋಟೋ, ಬರೆದಿಟ್ಟ ಅಡುಗೆಗಳನ್ನು ಮೊದಲು ಕೈಗೆ ತೆಗೆದುಕೊಳ್ಳಿ.

2. ಬಂಧುಗಳ, ಗಿರಾಕಿಗಳ ಫೋನ್ ನಂಬರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

3. ಒಬ್ಬರೇ ಹೋದರೆ ಬೇಸರ. ಮೂರ್ನಾಲ್ಕು ಗೆಳತಿಯರು ಒಟ್ಟಿಗೆ ಸೇರಿ, ಕೆಲವು ತಿಂಗಳು ಎರಡೂ ಕಡೆ ಇದ್ದು ನೋಡಿ.

4. ಖಾತೆ ಅಳಿಸಲು ಕೊಟ್ಟ ಮೇಲೂ 30 ದಿನದೊಳಗೆ ಮನಸ್ಸು ಬದಲಾಯಿಸಬಹುದು. ಆಮೇಲೆ ಹೋದದ್ದು ಹೋಯಿತು.

ಮಿಕ್ಕಿದ್ದು ನಿಧಾನವಾಗಿ ಆಗಲಿ. ನೋಟ್‌ಬುಕ್ಕಿನ ಕೆಲಸ ಮಾತ್ರ ಈ ಮಧ್ಯಾಹ್ನವೇ ಮಾಡಿಬಿಡಿ. ಫೇಸ್‌ಬುಕ್ ಬಿಟ್ಟರೂ ಸರಿ, ಬಿಡದಿದ್ದರೂ ಸರಿ, ನಿಮ್ಮವರು ನಿಮ್ಮ ಕೈಗೆ ಸಿಗುತ್ತಾರೆ.