ಮಿಂಚಂಚೆಯಿಂದ ಕಾರ್ಯಪಟ್ಟಿಗೆ

ಸಾಂಗಲಿ ಜಿಲ್ಲೆಯ ಮಿರಜ ತಾಲ್ಲೂಕಿನ ಸಲಗರೆಯಂತಹ ಗಡಿಭಾಗದ ಕನ್ನಡ ಶಾಲೆಗಳಲ್ಲಿ ಪಾಠ ಕನ್ನಡದಲ್ಲಿ ನಡೆದರೂ ಇಲಾಖೆಯ ಪತ್ರವ್ಯವಹಾರ ಮರಾಠಿಯಲ್ಲಿರುತ್ತದೆ. ಆದುದರಿಂದ ಮಿಂಚಂಚೆಯನ್ನು ಓದಿದರಷ್ಟೇ ಸಾಲದು. ಅದರೊಳಗಿನ ಕೆಲಸವನ್ನು ಬೇರ್ಪಡಿಸಿ ಬರೆದುಕೊಳ್ಳಬೇಕು.

ಮೊದಲು ಪತ್ರದ ಉದ್ದೇಶವನ್ನು ಗುರುತಿಸಬೇಕು. ‘ಮಾಹಿತೀಸ್ತವ’ ಎಂದಿದ್ದರೆ ತಿಳಿವಳಿಕೆಗಾಗಿ ಮಾತ್ರ. ಕಡತಕ್ಕೆ ಸೇರಿಸಿದರೆ ಸಾಕು. ‘ಕಾರ್ಯವಾಹೀಸ್ತವ’ ಎಂದಿದ್ದರೆ ಕೆಲಸವುಂಟು. ‘ಮಾಹಿತೀ ಸಾದರ ಕರಾವೀ’ ಎಂಬಲ್ಲಿನ ‘ಸಾದರ’ ಕನ್ನಡದ ಗೌರವಸೂಚಕ ಪದವಲ್ಲ. ಮಾಹಿತಿಯನ್ನು ಸಲ್ಲಿಸಬೇಕೆಂಬ ಸೂಚನೆ.

ಅನಂತರ ಪ್ರತಿಯೊಂದು ಕೆಲಸವನ್ನೂ ಕನ್ನಡದಲ್ಲಿ ಒಂದೊಂದು ವಾಕ್ಯವಾಗಿ ಬರೆದು, ಅದರ ಮುಂದೆ ಕೊನೆಯ ದಿನಾಂಕ, ಹೊಣೆ ಹೊತ್ತ ಶಿಕ್ಷಕರು, ಬೇಕಾದ ದಾಖಲೆ ಹಾಗೂ ಜಾವಕ ಸಂಖ್ಯೆಯನ್ನು ನಮೂದಿಸಬೇಕು. ಶಿಷ್ಯವೃತ್ತಿ ಪರೀಕ್ಷೆಯ ಅರ್ಜಿ ತುಂಬಿಸುವ ಒಂದೇ ಸೂಚನೆಯಲ್ಲಿ ಮೂರು ಕೆಲಸಗಳಿವೆ: ಮಕ್ಕಳ ಪಟ್ಟಿ ಮಾಡುವುದು, ಹೆಸರು, ಜನ್ಮದಿನಾಂಕಗಳನ್ನು ದಾಖಲಾತಿ ರಜಿಸ್ಟರಿನೊಡನೆ ಹೋಲಿಸುವುದು, ಮಾಧ್ಯಮವನ್ನು ‘ಕನ್ನಡ’ ಎಂದು ಆರಿಸಿ ಸಲ್ಲಿಸುವುದು. ಪುಣೆಯ ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತು ಈ ಪರೀಕ್ಷೆಯನ್ನು ಕನ್ನಡದಲ್ಲಿಯೂ ನಡೆಸುತ್ತದೆ. ದಿನಾಂಕ ಕೈತಪ್ಪಿದರೆ ನಷ್ಟವಾಗುವುದು ಮಗುವಿಗೆ.

ಸಲ್ಲಿಸಿದ ಪೋಚು ಕೈಸೇರಿದ ಮೇಲೆಯೇ ಆ ಕೆಲಸವನ್ನು ಪಟ್ಟಿಯಿಂದ ತೆಗೆಯತಕ್ಕದ್ದು.