ಕಬ್ಬು ತರಕಾರಿಯೇ? ವರ್ತಕರಿಗೊಂದು ಅಂತರಜಾಲ ವಿಹಾರ

ಅಂತರಜಾಲವೆಂದೊಡನೆ ನಮ್ಮ ವರ್ತಕ ಬಾಂಧವರ ಕಣ್ಣೆದುರು ಬರುವುದು ರಿಟರ್ನ್ ಸಲ್ಲಿಕೆಯ ಕೊನೆಯ ದಿನ, ಇ-ವೇ ಬಿಲ್ಲು ಮತ್ತು ಬ್ಯಾಂಕಿನ ಓಟಿಪಿ. ಇವುಗಳಿಂದ ಬಿಡುವು ದೊರೆತಾಗ ಅದೇ ಮೊಬೈಲಿನಲ್ಲಿ ಹಾಸ್ಯದ ತುಣುಕುಗಳನ್ನು ನೋಡಿ ನಕ್ಕು ಮರೆಯುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಖರ್ಚಿಲ್ಲದೆ ನಗಿಸುವ, ನಕ್ಕ ಮೇಲೂ ಉಪಯೋಗಕ್ಕೆ ಬರುವ ಕೆಲವು ವಿಚಿತ್ರ ಸಂಗತಿಗಳು ಅಂತರಜಾಲದಲ್ಲಿ ಅಡಗಿವೆ. ವ್ಯಾಪಾರಸ್ಥರಿಗೆ ರುಚಿಸಬಹುದಾದ ಅಂಥ ಕೆಲವನ್ನು ಇಲ್ಲಿ ಪರಿಚಯಿಸುವುದು ಈ ಲೇಖನದ ಉದ್ದೇಶ.

ಆಕಾಶದಿಂದ ಕೃಷ್ಣೆ

ವಿಹಾರವನ್ನು ನಮ್ಮ ನೆಲದಿಂದಲೇ ಆರಂಭಿಸೋಣ. ‘ಗೂಗಲ್ ಅರ್ತ್ ಟೈಮ್‌ಲ್ಯಾಪ್ಸ್’ ಎಂಬ ತಾಣವು 1984ರಿಂದೀಚಿನ ಉಪಗ್ರಹ ಚಿತ್ರಗಳನ್ನು ವರ್ಷದಿಂದ ವರ್ಷಕ್ಕೆ ಜೋಡಿಸಿ ಚಲನಚಿತ್ರದಂತೆ ತೋರಿಸುತ್ತದೆ. ಏತ ನೀರಾವರಿ ಯೋಜನೆಯ ಹೆಸರಿನಿಂದ ಎಲ್ಲರಿಗೂ ಪರಿಚಿತವಾಗಿರುವ ನಮ್ಮ ತುಬಚಿಯನ್ನು ಹುಡುಕಿ, ಅಲ್ಲಿಂದ ಕೃಷ್ಣೆಯ ಗುಂಟ ಪೂರ್ವಕ್ಕೆ ಸಾಗಿರಿ. ಆಲಮಟ್ಟಿಯ ಹಿನ್ನೀರು ಹರಡಿದ್ದನ್ನೂ, ಹಳೆಯ ಬಾಗಲಕೋಟೆಯ ಅಂಚಿನವರೆಗೆ ನೀರು ಬಂದದ್ದನ್ನೂ ಕೆಲವೇ ಕ್ಷಣಗಳಲ್ಲಿ ಕಾಣಬಹುದು. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದರೆ ಆನಂದ ಇಮ್ಮಡಿಯಾಗುವುದು.

ಪದಕೋಶದ ಅರ್ಥ, ಪೇಟೆಯ ಅರ್ಥ

ಎರಡನೆಯದು ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ಪದಕೋಶ. ವಿ. ಕೃಷ್ಣ ಎಂಬುವರು ದಶಕಗಳ ಕಾಲ ಏಕಾಂಗಿಯಾಗಿ ಸಂಗ್ರಹಿಸಿದ ಸುಮಾರು ಒಂದೂವರೆ ಲಕ್ಷ ಪದಗಳ ಈ ಭಂಡಾರವು 2019ರಲ್ಲಿ ಅಂತರಜಾಲದಲ್ಲಿ ಉಚಿತವಾಗಿ ತೆರೆದುಕೊಂಡಿತು. ಪೇಟೆಯಲ್ಲಿ ನಿತ್ಯ ಬಳಸುವ ಒಂದೊಂದೇ ಪದವನ್ನು ಅದರಲ್ಲಿ ಹುಡುಕುತ್ತ ಕುಳಿತರೆ ಹೊತ್ತು ಹೋದದ್ದು ತಿಳಿಯದು.

ಆದರೆ ಪದಕೋಶ ಹೇಳುವ ಅರ್ಥವೂ ಪೇಟೆಯಲ್ಲಿ ನಡೆಯುವ ಅರ್ಥವೂ ಒಂದೇ ಆಗಿರಬೇಕೆಂದಿಲ್ಲ. ತೆರಿಗೆ ಹಾಕುವಾಗ ಇವೆರಡರಲ್ಲಿ ಯಾವುದನ್ನು ಹಿಡಿಯಬೇಕು? ಈ ಪ್ರಶ್ನೆ ಹಲವು ಬಾರಿ ನ್ಯಾಯಾಲಯಗಳ ಮೆಟ್ಟಿಲೇರಿದೆ. ಆ ತೀರ್ಪುಗಳೇ, ನನ್ನ ಅಭಿಪ್ರಾಯದಲ್ಲಿ, ವರ್ತಕನೊಬ್ಬನಿಗೆ ಅಂತರಜಾಲದಲ್ಲಿ ದೊರೆಯುವ ಅತ್ಯಂತ ಸ್ವಾರಸ್ಯಕರ ಓದು. ಸರ್ವೋಚ್ಚ ನ್ಯಾಯಾಲಯವು 2023ರ ಜನವರಿಯಲ್ಲಿ ‘ಇ-ಎಸ್‌ಸಿಆರ್’ ಎಂಬ ವ್ಯವಸ್ಥೆಯ ಮೂಲಕ ತನ್ನ ವರದಿಯಾದ ತೀರ್ಪುಗಳನ್ನು ಉಚಿತವಾಗಿ ಎಲ್ಲರಿಗೂ ಒದಗಿಸಿದೆ. ಹಿಂದೆ ವಕೀಲರ ಕಪಾಟಿನಲ್ಲಿದ್ದ ದಪ್ಪ ಸಂಪುಟಗಳು ಇಂದು ಅಂಗಡಿಯ ಗಲ್ಲೆಯ ಮೇಲೆಯೇ ಲಭ್ಯ.

ವೀಳ್ಯದೆಲೆಯಿಂದ ಇದ್ದಿಲಿನವರೆಗೆ

ಅಕೋಲಾದ ವೀಳ್ಯದೆಲೆ ವ್ಯಾಪಾರಿಗಳು ತಮ್ಮ ಸರಕು ಗಿಡದ ಎಲೆ, ಆದ್ದರಿಂದ ತರಕಾರಿ, ಆದ್ದರಿಂದ ಮಾರಾಟ ತೆರಿಗೆ ಸಲ್ಲದೆಂದು ವಾದಿಸಿದರು. 1961ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಾದವನ್ನು ಒಪ್ಪಲಿಲ್ಲ. ಸಸ್ಯಶಾಸ್ತ್ರ ಏನೇ ಹೇಳಲಿ, ಜನಸಾಮಾನ್ಯರು ಹಿತ್ತಲಿನಲ್ಲಿ ಬೆಳೆದು ಊಟಕ್ಕೆ ಬಳಸುವುದನ್ನು ತರಕಾರಿ ಎನ್ನುವರೇ ಹೊರತು ವೀಳ್ಯದೆಲೆಯನ್ನಲ್ಲ ಎಂಬುದು ತೀರ್ಪಿನ ಸಾರ.

ಮರುವರ್ಷವೇ ನಮ್ಮ ಭಾಗಕ್ಕೆ ಹತ್ತಿರವಾದ ಪ್ರಶ್ನೆ ಬಂದಿತು. ಬಿಹಾರದಲ್ಲಿ ಹಸಿ ತರಕಾರಿಗೆ ಮಾರಾಟ ತೆರಿಗೆಯಿಂದ ವಿನಾಯಿತಿಯಿತ್ತು. ಕಬ್ಬೂ ಹಸಿರು, ಕಬ್ಬೂ ಗಿಡ. ಹಾಗಾದರೆ ಕಬ್ಬು ಹಸಿ ತರಕಾರಿಯಲ್ಲವೇ? ಅಲ್ಲವೆಂದು 1962ರಲ್ಲಿ ನ್ಯಾಯಾಲಯ ಹೇಳಿತು. ಜಮಖಂಡಿ, ಮುಧೋಳ ಭಾಗದ ಯಾವ ರೈತನನ್ನು ಕೇಳಿದರೂ ನಕ್ಕು ಇದೇ ಉತ್ತರ ಕೊಡುತ್ತಿದ್ದನು. ಸ್ವಾರಸ್ಯವೇನೆಂದರೆ ನ್ಯಾಯಾಲಯವು ಅನುಸರಿಸಿದ ಸೂತ್ರವೂ ಅದೇ: ಆ ಸರಕನ್ನು ಮಾರುವವನೂ ಕೊಳ್ಳುವವನೂ ಅದನ್ನು ಏನೆಂದು ತಿಳಿಯುತ್ತಾರೆ ಎಂದು ನೋಡಬೇಕು.

1967ರಲ್ಲಿ ಮಧ್ಯಪ್ರದೇಶದ ಇದ್ದಿಲು ವ್ಯಾಪಾರಿಯೊಬ್ಬರಿಗೆ ಇದೇ ಸೂತ್ರ ಲಾಭ ತಂದಿತು. ಭೂಗರ್ಭಶಾಸ್ತ್ರದ ಪ್ರಕಾರ ಇದ್ದಿಲು ಬೇರೆ, ಗಣಿಯ ಕಲ್ಲಿದ್ದಲು ಬೇರೆ; ಆದರೆ ಪೇಟೆಯ ಮಾತಿನಲ್ಲಿ ಎರಡೂ ಒಂದೇ ಬಳಗವೆಂದು ತೀರ್ಪಾಯಿತು. 1977ರಲ್ಲಿ ಹಸಿಶುಂಠಿಯ ಸರದಿ. ಬಂಗಾಳದ ಕಾನೂನಿನಲ್ಲಿ ‘ಸಬ್ಜಿ, ತರಕಾರಿ, ಶಾಕ’ ಎಂಬ ದೇಶೀ ಪದಗಳೇ ಇದ್ದವು. ಹಸಿಶುಂಠಿಯೂ ಆ ಗುಂಪಿಗೆ ಸೇರುತ್ತದೆಂದು ನ್ಯಾಯಾಲಯ ಹೇಳಿದ್ದರಿಂದ ಅದಕ್ಕೆ ವಿನಾಯಿತಿ ದೊರೆಯಿತು.

ಹೊರದೇಶಗಳ ತಕರಾರು

ಈ ಬಗೆಯ ಜಗಳ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದಲ್ಲಿ ಆಮದು ತರಕಾರಿಗೆ ಸುಂಕವಿದ್ದು ಹಣ್ಣಿಗೆ ಇರದಿದ್ದ ಕಾಲದಲ್ಲಿ ವ್ಯಾಪಾರಿಗಳು ಟೊಮೆಟೊ ಹಣ್ಣೆಂದು ವಾದಿಸಿದರು. 1893ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಸಸ್ಯಶಾಸ್ತ್ರದಂತೆ ಅದು ಹಣ್ಣಾದರೂ ಜನರ ಊಟದ ತಟ್ಟೆಯಲ್ಲಿ ತರಕಾರಿಯೆಂದು ನಿರ್ಣಯಿಸಿತು. ಬ್ರಿಟನ್ನಿನಲ್ಲಿ 1991ರಲ್ಲಿ ‘ಜಾಫಾ ಕೇಕ್’ ಎಂಬ ತಿನಿಸು ಕೇಕೋ ಬಿಸ್ಕತ್ತೋ ಎಂಬ ಪ್ರಶ್ನೆ ಎದ್ದಿತು. ಕೇಕಿಗೆ ವ್ಯಾಟ್ ಶೂನ್ಯ, ಚಾಕೊಲೇಟ್ ಲೇಪಿತ ಬಿಸ್ಕತ್ತಿಗೆ ಪೂರ್ಣ ದರ. ಹಳತಾದರೆ ಬಿಸ್ಕತ್ತು ಮೆತ್ತಗಾಗುತ್ತದೆ, ಕೇಕು ಗಟ್ಟಿಯಾಗುತ್ತದೆ. ಈ ತಿನಿಸು ಗಟ್ಟಿಯಾಗುತ್ತದೆ ಎಂಬುದು ಅದು ಕೇಕೆಂಬ ನಿರ್ಣಯಕ್ಕೆ ನೆರವಾದ ಅಂಶಗಳಲ್ಲೊಂದು.

ಇವೆಲ್ಲವನ್ನೂ ಮೀರಿಸುವುದು 2003ರ ಅಮೆರಿಕದ ಆಟಿಕೆ ಪ್ರಕರಣ. ಮನುಷ್ಯಾಕೃತಿಯ ಗೊಂಬೆಗೆ ಹೆಚ್ಚಿನ ಸುಂಕ, ಇತರ ಆಟಿಕೆಗೆ ಕಡಿಮೆ ಸುಂಕ. ‘ಎಕ್ಸ್-ಮೆನ್’ ಎಂಬ ಚಿತ್ರಕಥೆಯ ವೀರರ ಗೊಂಬೆಗಳನ್ನು ತರಿಸುತ್ತಿದ್ದ ಕಂಪನಿಯು, ತನ್ನ ವೀರರು ಮನುಷ್ಯರೇ ಅಲ್ಲವೆಂದು ನ್ಯಾಯಾಲಯದಲ್ಲಿ ವಾದಿಸಿ ಗೆದ್ದಿತು!

ನಮ್ಮ ಕಾಲದ ಪರೋಟ

ಇವು ಹಳೆಯ ಕಥೆಗಳೆಂದು ಪಕ್ಕಕ್ಕಿಡುವಂತಿಲ್ಲ. 2020ರಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವು ಪ್ಯಾಕ್ ಮಾಡಿದ ಪರೋಟವು ರೊಟ್ಟಿಯಲ್ಲ, ತಿನ್ನುವ ಮೊದಲು ಅದನ್ನು ಬಿಸಿ ಮಾಡಬೇಕು, ಆದ್ದರಿಂದ ಶೇ. 5ರ ಬದಲು ಶೇ. 18 ಜಿಎಸ್‌ಟಿ ಎಂದಿತು. ದೇಶವೆಲ್ಲ ನಕ್ಕಿತು, ಆದರೆ ಉತ್ಪಾದಕನಿಗೆ ಅದು ನಗುವ ವಿಷಯವಾಗಿರಲಿಲ್ಲ. ಕೊನೆಗೆ 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿ, ಪರೋಟ ಎಲ್ಲವೂ ತೆರಿಗೆಮುಕ್ತವಾದವು. ಸಣ್ಣ ಬಾಟಲಿಯ ಕೊಬ್ಬರಿ ಎಣ್ಣೆ ಅಡುಗೆಯದೋ ತಲೆಗೂದಲಿನದೋ ಎಂಬ ಅಬಕಾರಿ ಸುಂಕದ ಕಾಲದ ವ್ಯಾಜ್ಯವು ವರ್ಷಗಟ್ಟಲೆ ನಡೆದು, ಸಣ್ಣ ಬಾಟಲಿಯೆಂಬ ಒಂದೇ ಕಾರಣಕ್ಕೆ ಅದು ತಲೆಗೂದಲಿನ ಎಣ್ಣೆಯಾಗದೆಂದು 2024ರ ಡಿಸೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು.

ನಮ್ಮ ಮಹಾಲಿಂಗಪುರದ ಬೆಲ್ಲದ ಪೇಟೆಯೂ ಇದಕ್ಕೆ ಹೊರತಲ್ಲ. 2022ರ ಜುಲೈ 18ರಿಂದ ಮುಂಚಿತವಾಗಿ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೆಲ್ಲಕ್ಕೆ ಶೇ. 5 ತೆರಿಗೆ ಬಂದಿತು. ಬಿಡಿಯಾಗಿ ಮಾರುವ ಬೆಲ್ಲಕ್ಕೆ ಇಲ್ಲ. ಒಂದೇ ಗಾಣದ ಬೆಲ್ಲವಾದರೂ ಪೊಟ್ಟಣ ಬದಲಾದರೆ ಬಿಲ್ಲು ಬದಲಾಗುತ್ತದೆ.

ನಗೆಯ ಹಿಂದಿನ ಲೆಕ್ಕ

ಸರಕಿನ ಹೆಸರೇ ಅದರ ತೆರಿಗೆಯನ್ನು ನಿರ್ಧರಿಸುತ್ತದೆ ಎಂಬುದು ಈ ಕಥೆಗಳ ತಿರುಳು. ಕಡಿಮೆ ದರ ಹಾಕಿ ಮಾರಿದ ಮೇಲೆ ಇಲಾಖೆಯು ಹೆಚ್ಚಿನ ದರವೆಂದರೆ, ಗಿರಾಕಿ ಆಗಲೇ ಹೋಗಿರುತ್ತಾನೆ. ವ್ಯತ್ಯಾಸದ ಹಣವನ್ನು ವರ್ತಕನೇ ಭರಿಸಬೇಕು, ಜೊತೆಗೆ ವಾರ್ಷಿಕ ಶೇ. 18ರ ಬಡ್ಡಿ ಮತ್ತು ದಂಡದ ಭಯ. ಹೆಚ್ಚಿನ ದರ ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ನಡೆಯುತ್ತಾನೆ. ವಸೂಲಿ ಮಾಡಿದ ಹೆಚ್ಚುವರಿ ತೆರಿಗೆಯನ್ನೂ ಸರ್ಕಾರಕ್ಕೇ ಕಟ್ಟಬೇಕು.

ಈ ತೀರ್ಪುಗಳನ್ನು ಓದುವವರು ಮೂರು ಎಚ್ಚರಿಕೆಗಳನ್ನು ಗಮನದಲ್ಲಿಡುವುದು ಒಳಿತು. ಒಂದು, ಹಳೆಯ ತೀರ್ಪುಗಳು ಹಳೆಯ ಮಾರಾಟ ತೆರಿಗೆ ಕಾಯಿದೆಗಳ ಮೇಲಿನವು. ಇಂದು ಎಚ್‌ಎಸ್‌ಎನ್ ಪಟ್ಟಿ ಮತ್ತು ಅದರ ಅಧ್ಯಾಯ ಟಿಪ್ಪಣಿಗಳಿಗೇ ಮೊದಲ ಸ್ಥಾನ. ಪಟ್ಟಿ ವಿವರಿಸದೆ ಬಿಟ್ಟಲ್ಲಿ ಮಾತ್ರ ಪೇಟೆಯ ಮಾತು ನೆರವಿಗೆ ಬರುತ್ತದೆ. ಎರಡು, ಮುಂಗಡ ತೀರ್ಪು ಅರ್ಜಿದಾರನಿಗೂ ಅವನ ಅಧಿಕಾರಿಗೂ ಮಾತ್ರ ಅನ್ವಯಿಸುತ್ತದೆ. ನೆರೆಯವನ ತೀರ್ಪನ್ನು ನಂಬಿ ಬಿಲ್ಲು ಬರೆಯಬಾರದು. ಸಂದೇಹ ದೊಡ್ಡದಾಗಿದ್ದರೆ ಕೇಂದ್ರ ಮತ್ತು ರಾಜ್ಯ ಜಿಎಸ್‌ಟಿಗೆ ತಲಾ 5,000 ರೂಪಾಯಿ ಶುಲ್ಕ ಕಟ್ಟಿ ತಾವೇ ಅರ್ಜಿ ಸಲ್ಲಿಸಬಹುದು. ಮೂರು, ಯಾವುದೇ ದರವನ್ನು ನೋಡುವಾಗ ದಿನಾಂಕವನ್ನು ಮೊದಲು ನೋಡಬೇಕು. 2025ರ ಸೆಪ್ಟೆಂಬರಿನ ಬದಲಾವಣೆಯ ಹಿಂದಿನ ಪಟ್ಟಿಗಳು ಅಂತರಜಾಲದಲ್ಲಿ ಇನ್ನೂ ಹೇರಳವಾಗಿವೆ.

ಆದ್ದರಿಂದ ವರ್ತಕ ಮಿತ್ರರು ಬಿಡುವಿನ ಒಂದು ಸಂಜೆ ತಮ್ಮ ಮುಖ್ಯ ಸರಕಿನ ಹೆಸರನ್ನು ಬರೆದು, ಅದರ ಮುಂದೆ ‘ವರ್ಗೀಕರಣ’ ಎಂಬುದರ ಇಂಗ್ಲಿಷ್ ಪದ ಸೇರಿಸಿ ಹುಡುಕಿ ನೋಡಲಿ. ಅದೇ ಸರಕಿಗಾಗಿ ದೇಶದ ಯಾವ ಮೂಲೆಯಲ್ಲಿ ಯಾರು ಏನು ವಾದಿಸಿದ್ದಾರೆಂದು ಓದಿ ನಗುವುದು ನಿಶ್ಚಿತ. ನಕ್ಕ ಬಳಿಕ ತಮ್ಮ ಬಿಲ್ಲಿನ ಮೇಲಿನ ಎಚ್‌ಎಸ್‌ಎನ್ ಸಂಖ್ಯೆಯನ್ನು ಒಮ್ಮೆ ಪರಿಶೀಲಿಸಿಕೊಂಡರೆ ಆ ಸಂಜೆ ಸಾರ್ಥಕ.