ಬರಡು ಹಿತ್ತಿಲಿನಲ್ಲಿ ಕಾಯಿಪಲ್ಲೆ

ಕುಂದಾಪುರದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು 4000 ಮಿಲಿಮೀಟರು. ಹರಿದುಹೋಗದಂತೆ ಅದನ್ನೆಲ್ಲ ತಡೆದು ನಿಲ್ಲಿಸಿದ್ದಾದರೆ, ಅಂಗಳದಲ್ಲಿ ಎರಡಾಳಿನ ಆಳಕ್ಕೂ ಮಿಗಿಲಾಗಿ ನೀರು ನಿಲ್ಲುತ್ತಿತ್ತು. ಇಂತಹ ಜಲಸಂಪತ್ತುಳ್ಳ ಬೈಂದೂರು, ಕುಂದಾಪುರ, ಬ್ರಹ್ಮಾವರಗಳ ಪೇಟೆಗಳಿಗೆ ತರಕಾರಿಯು ಬಹುಮಟ್ಟಿಗೆ ಘಟ್ಟದ ಮೇಲಿನಿಂದ ಲಾರಿಗಳಲ್ಲಿ ಇಳಿಯುತ್ತದೆ! ಪೇಟೆಯ ಅಂಚಿನಲ್ಲಿ ಹೊಸದಾಗಿ ಎದ್ದ ಮನೆಗಳ ಹಿತ್ತಿಲುಗಳಾದರೋ ಹುಲ್ಲುಕಡ್ಡಿಯೂ ಇಲ್ಲದೆ ಕೆಂಪಗೆ ಬಿದ್ದುಕೊಂಡಿರುತ್ತವೆ. ಇದಕ್ಕೆ ಕಾರಣವೇನು?

ಕಾರಣವು ಮಣ್ಣಿನಲ್ಲಿದೆ, ಮಣ್ಣನ್ನು ಹಾಗೆ ಮಾಡಿದುದು ಆ ಮಳೆಯೇ. ನಮ್ಮ ಗುಡ್ಡಗಳೆಲ್ಲ ಮುರಕಲ್ಲಿನವು. ಫ್ರಾನ್ಸಿಸ್ ಬುಕಾನನ್ ಎಂಬಾತನು 1800–1801ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಈ ಕಲ್ಲನ್ನು ವರ್ಣಿಸಿದನು. ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ‘ಲ್ಯಾಟರೈಟ್’ ಎಂಬ ಹೆಸರನ್ನಿತ್ತವನು ಅವನೇ. ಲಕ್ಷಾಂತರ ವರ್ಷಗಳ ಬಿಸಿಲು ಮಳೆಗಳಿಗೆ ಸಿಕ್ಕಿದ ಬಂಡೆಯಿಂದ ಸುಣ್ಣ, ಪೊಟ್ಯಾಷ್ ಮುಂತಾದ ಕರಗುವ ಅಂಶಗಳು ತೊಳೆದುಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಮ್ ಆಕ್ಸೈಡುಗಳು ಉಳಿದವು. ಮಣ್ಣಿನ ಕೆಂಪು ಆ ಕಬ್ಬಿಣದ್ದು. ಮಣ್ಣು ಹುಳಿಯಾಯಿತು, ಇದ್ದ ರಂಜಕವೂ ಆಕ್ಸೈಡುಗಳ ಹಿಡಿತಕ್ಕೆ ಸಿಕ್ಕಿ ಬೇರುಗಳಿಗೆ ದೊರೆಯದಂತಾಯಿತು. ಮನೆ ಕಟ್ಟುವಾಗ ಗುಡ್ಡವನ್ನು ತಟ್ಟುಮಾಡಿದರಂತೂ ಮೇಲಿನ ಅಷ್ಟಿಷ್ಟು ಸಾರವುಳ್ಳ ಮಣ್ಣೂ ಹೊರಟುಹೋಗುತ್ತದೆ.

ನನ್ನ ಹಿತ್ತಿಲಿನಲ್ಲಿ ನಾನು ಮಾಡಿದ ಮೊದಲ ಪ್ರಯತ್ನವನ್ನು ಹೇಳಬೇಕು. ಜೂನ್ ಮೊದಲ ವಾರದಲ್ಲಿ ನೆಲವನ್ನು ಕೆದಕಿ, ನಾನೂ ಮಗಳೂ ಹರಿವೆಯ ಬೀಜವನ್ನು ಎರಚಿದೆವು. ನಾಲ್ಕನೆಯ ದಿನದ ಮಳೆಗೆ ಬೀಜವೆಲ್ಲ ಚರಂಡಿಯ ಪಾಲಾಯಿತು. ತರಗತಿಯಲ್ಲಿ ಚಲನಶಕ್ತಿಯ ಪಾಠ ಹೇಳುವವನು ಅದನ್ನು ಹಿತ್ತಿಲಿನಲ್ಲಿ ಮರೆತಿದ್ದೆನು! ಒಂದು ಮಿಲಿಮೀಟರು ವ್ಯಾಸದ ಹನಿಯು ಸೆಕೆಂಡಿಗೆ ಸುಮಾರು 4 ಮೀಟರು ವೇಗದಿಂದ ನೆಲಕ್ಕೆ ಬೀಳುತ್ತದೆ. ಐದು ಮಿಲಿಮೀಟರಿನ ಹನಿಯ ವೇಗ ಸುಮಾರು 9 ಮೀಟರು. ದೊಡ್ಡ ಹನಿಯ ತೂಕ 125 ಪಟ್ಟು. ವೇಗದ ವರ್ಗವು ಐದು ಪಟ್ಟು. ಆದುದರಿಂದ ಅದರ ಹೊಡೆತದ ಶಕ್ತಿಯು ಆರುನೂರು ಪಟ್ಟಿಗೂ ಹೆಚ್ಚು. ಬರಿಯ ಮಣ್ಣು ಇದನ್ನು ತಾಳಲಾರದು. ತರಗೆಲೆಯ ಹೊದಿಕೆಯೊಂದಿದ್ದರೆ ಹೊಡೆತವನ್ನು ಅದು ನುಂಗಿಕೊಂಡು, ನೀರನ್ನು ಮೆಲ್ಲಗೆ ಕೆಳಗೆ ಬಿಡುತ್ತದೆ.

ಮರುವರ್ಷ ಕ್ರಮವಾಗಿ ತೊಡಗಿದೆವು. ಮೊದಲು ಬಿಸಿಲಿನ ಲೆಕ್ಕ. ಕುಂದಾಪುರವು 13.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಗೆ ನಡುಹಗಲಿನ ಸೂರ್ಯನು ದಕ್ಷಿಣ ದಿಗಂತದಿಂದ 53 ಡಿಗ್ರಿ ಮಾತ್ರ ಏರುತ್ತಾನೆ. ಆಗ 4 ಮೀಟರು ಎತ್ತರದ ಗೋಡೆಯ ನೆರಳು ಉತ್ತರಕ್ಕೆ 3 ಮೀಟರು ಚಾಚಿರುತ್ತದೆ. ತರಕಾರಿಗೆ ಹಿತವಾದ ಕಾಲ ಅದೇ ಆದುದರಿಂದ ಆ ಪಟ್ಟಿಯನ್ನು ಬೆಂಡೆ, ಅಲಸಂಡೆಗಳಿಗೆ ಕೊಡಬಾರದು. ನೆರಳನ್ನು ಸಹಿಸುವ ಕೆಸು, ಶುಂಠಿ, ಅರಿಸಿನಗಳಿಗೆ ಬಿಡಬೇಕು.

ಅನಂತರ ಮಣ್ಣು. ಅಗೆದ ನೆಲಕ್ಕೆ ಹಟ್ಟಿಗೊಬ್ಬರ, ಕೊಳೆತ ಸೊಪ್ಪು, ಸುಡುಮಣ್ಣುಗಳನ್ನು ಧಾರಾಳವಾಗಿ ಬೆರೆಸಬೇಕು. ಸುಡುಮಣ್ಣಿನೊಡನೆ ಬರುವ ಬೂದಿಯು ಪೊಟ್ಯಾಷನ್ನು ಕೊಟ್ಟು, ಹುಳಿಯನ್ನೂ ತುಸು ತಗ್ಗಿಸುತ್ತದೆ. ಹಿರಿಯರ ಈ ಪದ್ಧತಿಯು ರಸಾಯನಶಾಸ್ತ್ರಕ್ಕೆ ಸಮ್ಮತವಾದುದೇ. ಹುಳಿ ಹೆಚ್ಚಿದ್ದರೆ ಚಿಪ್ಪಿನ ಸುಣ್ಣವನ್ನು ಬಿತ್ತನೆಗೆ ಎರಡು ವಾರ ಮುಂಚೆ ಸೇರಿಸಬಹುದು. ಎಷ್ಟೆಂಬುದನ್ನು ಮಣ್ಣಿನ ಪರೀಕ್ಷೆ ಮಾಡಿಸಿಯೇ ತಿಳಿಯಬೇಕು. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇದಕ್ಕೆ ಸಲಹೆ ಕೇಳಬಹುದು.

ಮಳೆಗಾಲದ ಮಡಿ ಅಡಿಯೆತ್ತರ ಇರಬೇಕು. ನೀರು ನಿಂತರೆ ಮಣ್ಣಿನ ರಂಧ್ರಗಳಿಂದ ಗಾಳಿ ಹೊರಬಿದ್ದು ಬೇರುಗಳು ಉಸಿರಿಲ್ಲದೆ ಕೊಳೆಯುತ್ತವೆ. ಈ ಕಾಲಕ್ಕೆ ಬೆಂಡೆ, ಹೀರೆ, ಪಡುವಲಗಳು ಯೋಗ್ಯ. ಮಳೆ ಇಳಿದ ಮೇಲೆ ಹರಿವೆ, ಅಲಸಂಡೆ, ಬದನೆ; ಚಪ್ಪರಕ್ಕೆ ಬಸಳೆ, ತೊಂಡೆ. ಅಲಸಂಡೆಯ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ, ಬಡಮಣ್ಣಿನಲ್ಲಿ ಅದನ್ನು ಬಿಡಲೇಬಾರದು. ಹರಿವೆಯ ಬೀಜ ಬಲು ಸಣ್ಣದು. ಒಣಮರಳಿನೊಡನೆ ಬೆರೆಸಿ ಎರಚಿದರೆ ಸಮನಾಗಿ ಬೀಳುತ್ತದೆ.

ಬೇಸಗೆಯಲ್ಲಿ ಸಮಸ್ಯೆಯು ತಲೆಕೆಳಗಾಗುತ್ತದೆ. ಏಪ್ರಿಲ್ ಕೊನೆಯ ವಾರ ಸೂರ್ಯನು ನಡುನೆತ್ತಿಗೇ ಬರುತ್ತಾನೆ. ಆ ದಿನಗಳಲ್ಲಿ ಹಸಿರು ತುಂಬಿದ 10 ಚದರ ಮೀಟರು ಮಡಿಯಿಂದ ದಿನಕ್ಕೆ ಸುಮಾರು 50 ಲೀಟರು ನೀರು ಆವಿಯಾಗಿ ಹೋಗಬಲ್ಲುದು. ಅಷ್ಟನ್ನು ಆವಿಮಾಡಲು ಬೇಕಾಗುವ ಶಾಖವು 33 ಯೂನಿಟ್ ವಿದ್ಯುತ್ತಿಗೆ ಸಮ! ಎಲೆಗಳ ಮೂಲಕ ಹೋಗುವುದನ್ನು ತಡೆಯಲಾಗದು. ನೆಲದಿಂದ ಹೋಗುವುದನ್ನು ತಡೆಯಬಹುದು. ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮೇಲೇರಿ ಬರುತ್ತದೆ. ತರಗೆಲೆಯ ಹೊದಿಕೆಯು ಬಿಸಿಲನ್ನೂ ಗಾಳಿಯನ್ನೂ ತಡೆದು ಆ ನಷ್ಟವನ್ನು ತಗ್ಗಿಸುತ್ತದೆ. ಪಾತ್ರೆ ತೊಳೆದ ನೀರು ಬಸಳೆಯ ಬುಡಕ್ಕೆ ಸಾಗುವಂತೆ ಕಾಲುವೆ ಮಾಡಿದರೆ ಬಾವಿಯ ಮೇಲಿನ ಭಾರವೂ ಇಳಿಯುತ್ತದೆ.

ಮೊದಲ ವರ್ಷವೇ ಎಲ್ಲ ನೆಲವನ್ನೂ ಅಗೆಯಹೊರಟವರು ಬೇಸತ್ತು ಕೈಬಿಡುವುದುಂಟು. ನಾಲ್ಕು ಚದರ ಮೀಟರು ಸಾಕು. ಹಿತ್ತಿಲಿನಲ್ಲಿ ಒಟ್ಟಿ ಬೆಂಕಿಯಿಕ್ಕುವ ತರಗೆಲೆಯನ್ನು ಅದರ ಮೇಲೆ ಹರಡಿರಿ. ಕಳೆದ ಮಳೆಗಾಲದ ಕೊನೆಗೆ ನಮ್ಮ ಮಡಿಯಲ್ಲಿ ಎರೆಹುಳುಗಳು ಕಂಡುಬಂದುವು. ಮಗಳು ತಾನು ಬಿತ್ತಿದ ಹರಿವೆಯನ್ನು ಕೊಯ್ದು ಅಡುಗೆಮನೆಗೆ ತಂದದ್ದೂ ಆ ದಿನಗಳಲ್ಲಿಯೇ. ಲಕ್ಷಾಂತರ ವರ್ಷಗಳಲ್ಲಿ ಮಳೆಯು ತೊಳೆದೊಯ್ದ ಸಾರವನ್ನು ಅಂಗೈಯಗಲದ ನೆಲಕ್ಕಾದರೂ ಮರಳಿಸುವುದು ಒಂದು ಮನೆಯವರ ಶಕ್ತಿಗೆ ಮೀರಿದುದಲ್ಲ.